ಎಡಗಡೆಯಿಂದ ಬೀಳುವ ಬೆಳಕು

ಭಾವ ನಕ್ಕಿದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಹೆಂಡತಿಯೂ ನಕ್ಕಳಲ್ಲ, ಅದು ಗಂಟಲಲ್ಲೇ ನಿಂತುಬಿಟ್ಟಿತು.

ನಡೆದದ್ದು ಇಷ್ಟೆ. ಸೇಬಿನ ಗೋದಾಮಿನ ಕಚೇರಿ. ದೂರದಿಂದ ಬಂದ ವ್ಯಾಪಾರಿಗಳು ಕುರ್ಚಿ ಎಳೆದುಕೊಂಡು ಕೂತಿದ್ದರು. ಗೋದಾಮಿನ ಯಜಮಾನನಾದ ಭಾವ, ಅಂದರೆ ಅವನ ಹೆಂಡತಿಯ ಅಣ್ಣ, ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಪರದೆಯನ್ನು ಬೆರಳಿನಿಂದ ಕುಟ್ಟಿದ.

"ಇದನ್ನ ಬರೆದವರು ನಮ್ಮ ಕಿಟಕಿರಾಯರು. ತಂಗಿ ಗಂಡ, ಬಯ್ಯೋ ಹಾಗಿಲ್ಲ. ಆದ್ರೆ ನೀವೇ ಹೇಳಿ, ಈ ಬೂದು ಮುಖ ನೋಡಿದ್ರೆ ಒಳಗಿರೋ ಸೇಬೂ ಕೊಳೆತಿರಬೇಕು ಅನ್ಸಲ್ವಾ?"

ವ್ಯಾಪಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಬಳಿ ನೀರಿನ ಲೋಟಗಳನ್ನು ಹಿಡಿದು ನಿಂತಿದ್ದ ಅವನ ಹೆಂಡತಿ ನಗು ತಡೆಯಲು ನೋಡಿ, ಆಗದೆ, ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ಅವಳ ಕೈಯಲ್ಲಿದ್ದ ಲೋಟಗಳ ನೀರು ಕುಲುಕಾಡಿದ್ದನ್ನು ಅವನು ಕಣ್ಣಾರೆ ನೋಡಿದ. ಆಮೇಲೆ ಭಾವ, ಹೊಸ ಸಾಫ್ಟ್‌ವೇರ್ ಬರುತ್ತಿದೆ, ಬೆಳ್ಳಗೆ, ಗುಂಡಗೆ, ಮೂಲೆಯಲ್ಲಿ ನಗುವ ಸೇಬಿನ ಚಿತ್ರವಿದೆ ಎಂದೆಲ್ಲ ಹೇಳಿದ್ದು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವತ್ತಿನಿಂದ ಅವನು ಗೋದಾಮಿನ ಮೆಟ್ಟಿಲು ಹತ್ತಲಿಲ್ಲ.

ಕಿಟಕಿರಾಯ ಅನ್ನುವ ಹೆಸರು ಭಾವನೇ ಇಟ್ಟದ್ದು. ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಳ್ಳುವ ವಿಂಡೋಗಳನ್ನು, ಅವುಗಳೊಳಗಿನ ಬಟನ್ನುಗಳನ್ನು, ಪುಟ್ಟ ಪುಟ್ಟ ಗುರುತುಗಳನ್ನು ಬರೆಯುವುದು ಅವನ ಕಸುಬು. ಲೆಕ್ಕಾಚಾರ ಬರೆಯುವವರು ಬೇರೆ. ಆ ಲೆಕ್ಕಾಚಾರಕ್ಕೆ ಮುಖ ಕೊಡುವವನು ಇವನು. ಮುಖ ಅಂದರೇನು ಸಾಮಾನ್ಯವೇ? ಬಟನ್ನಿನ ಮೇಲಂಚಿಗೂ ಎಡ ಅಂಚಿಗೂ ಒಂದೊಂದು ಬಿಳಿ ಗೆರೆ, ಕೆಳಗೂ ಬಲಕ್ಕೂ ಒಂದೊಂದು ಕಡುಬೂದು ಗೆರೆ. ಅಷ್ಟು ಎಳೆದರೆ ಸಾಕು, ಚಪ್ಪಟೆ ಗಾಜಿನ ಮೇಲೆ ಒಂದು ಚೌಕ ಉಬ್ಬಿ ನಿಲ್ಲುತ್ತದೆ, ಒತ್ತು ಬಾ ಎಂದು ಕರೆಯುತ್ತದೆ. ಬೆಳಕು ಯಾವಾಗಲೂ ಎಡಗಡೆ ಮೇಲಿನಿಂದ ಬೀಳಬೇಕು. ಮದುವೆಯಾದ ಹೊಸತರಲ್ಲಿ ಅವರಿದ್ದ ಒಂಟಿ ಕೋಣೆಯಲ್ಲಿ ಅವನ ಮೇಜಿನ ಎಡಕ್ಕೆ ಒಂದು ಕಿಟಕಿ ಇತ್ತು. ಹೆಂಡತಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅವಳ ಒಂದು ಕೆನ್ನೆ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೊಂದು ನೆರಳಲ್ಲಿರುತ್ತಿತ್ತು. ಅವಳ ಮುಖ ನೋಡಿ ನೋಡಿಯೇ ಅವನು ಆ ಬಟನ್ನುಗಳಿಗೆ ಬೆಳಕು ಬರೆದದ್ದು. "ನನ್ನ ಕೆನ್ನೆ ಒತ್ತಿದ್ರೆ ಗೋದಾಮಿನ ಬಾಗಿಲು ತೆಗೆಯುತ್ತೇನ್ರೀ?" ಎಂದು ಅವಳು ಆಗ ರೇಗಿಸುತ್ತಿದ್ದಳು.

ಆ ಮಾತು ಆಡುತ್ತಿದ್ದವಳು ನಕ್ಕ ಮರುವಾರವೇ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಅಣ್ಣನ ಮನೆಯ ಮಹಡಿಗೆ ಹೋದಳು. ನಾಲ್ಕು ದಿನ ಇದ್ದು ಬರ್ತೀನಿ ಅಂದಳು. ಬರಲಿಲ್ಲ. ಹೊಸಲು ದಾಟುವಾಗ ಹೇಳಿದ ಮಾತು ಮಾತ್ರ ಮನೆಯಲ್ಲೇ ಉಳಿದುಕೊಂಡಿತು: "ನಾನು ಇದೀನೋ ಇಲ್ವೋ ಅನ್ನೋದು ನಿಮಗೆ ಗೊತ್ತಾಗಬೇಕಾದ್ರೆ ನಾನೂ ಆ ಸ್ಕ್ರೀನಿನ ಒಳಗೆ ಹೋಗಿ ಕೂರಬೇಕೇನೋ."

ಅದು ಅವಳ ಮಾತೇ ಅಲ್ಲ ಎಂದು ಅವನು ತೀರ್ಮಾನಿಸಿದ. ಅಣ್ಣ ಕಿವಿ ಊದಿದ್ದಾನೆ. ಅಣ್ಣನೇ ಅವಳನ್ನು ಹಿಡಿದಿಟ್ಟುಕೊಂಡಿದ್ದಾನೆ. ಅವನು ಇರುವ ತನಕ ಅವಳು ಬರುವುದಿಲ್ಲ. ಇಷ್ಟು ಯೋಚನೆ ಬಂದ ಮೇಲೆ ಮುಂದಿನದು ತಾನಾಗಿ ಬಂತು: ಅವನು ಇಲ್ಲದಿದ್ದರೆ?

ಒಂಟಿ ಮನೆಯಲ್ಲಿ ಯೋಚನೆಗೆ ಎದುರು ಮಾತಾಡುವವರು ಇರುವುದಿಲ್ಲ ನೋಡಿ. ಒಬ್ಬನೇ ಅನ್ನ ಬೇಯಿಸಿಕೊಂಡು, ಒಂದೇ ತಟ್ಟೆ ತೊಳೆದಿಟ್ಟು, ರೇಡಿಯೋ ಹಚ್ಚಿ ಮತ್ತೆ ಆರಿಸಿ ಕೂತರೆ ಎಂಥ ಯೋಚನೆಯೂ ಮನೆಯ ಮನುಷ್ಯನ ಹಾಗೆ ಓಡಾಡತೊಡಗುತ್ತದೆ. ಮೊದಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ ಅಭ್ಯಾಸವಾಯಿತು. ಆಮೇಲೆ, ಕೆಲಸಗಾರನಲ್ಲವೇ, ಅದನ್ನು ಅಚ್ಚುಕಟ್ಟಾಗಿ ಮಾಡುವುದು ಹೇಗೆ ಎಂಬ ಕಡೆ ಮನಸ್ಸು ಹರಿಯಿತು.

ಸೇಬು ಕಿತ್ತ ಮೇಲೂ ಉಸಿರಾಡುತ್ತದೆ. ಉಸಿರಾಡಿದಷ್ಟೂ ಬೇಗ ಮುದಿಯಾಗುತ್ತದೆ. ಅದಕ್ಕೇ ಗೋದಾಮಿನ ಕೋಣೆಗಳನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಆಮ್ಲಜನಕವನ್ನು ತೆಗೆದುಬಿಡುತ್ತಾರೆ. ಆ ತಂಪಿನಲ್ಲಿ ಹಣ್ಣು ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಮನುಷ್ಯ ಒಳಗೆ ಹೋದರೆ ಅವನೂ ಮಲಗುತ್ತಾನೆ, ಏಳುವುದಿಲ್ಲ. ವಾಸನೆಯಿಲ್ಲ, ಹೊಗೆಯಿಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲವಂತೆ. ಕೋಣೆ ತೆರೆಯುವ ದಿನ ಬೆಳಿಗ್ಗೆಯಿಂದ ಫ್ಯಾನು ಹಾಕಿ ಹೊಸ ಗಾಳಿ ತುಂಬುತ್ತಾರೆ. ಸಂಜೆಯ ಹೊತ್ತಿಗೆ ಒಳಗೆ ಹೋಗಬಹುದು. ಹೋಗಬಹುದೋ ಇಲ್ಲವೋ ಎಂಬುದನ್ನು ಕಚೇರಿಯ ಕಂಪ್ಯೂಟರ್ ತೋರಿಸುತ್ತದೆ. ಅವನೇ ಬರೆದ ಬೂದು ವಿಂಡೋದಲ್ಲಿ ಒಂದು ಪುಟ್ಟ ದೀಪ. ಕೆಂಪಿದ್ದರೆ "ಉಸಿರಾಟಕ್ಕೆ ಯೋಗ್ಯವಲ್ಲ". ಹಸಿರಾದರೆ "ಉಸಿರಾಟಕ್ಕೆ ಯೋಗ್ಯ".

ಆ ಕಂಪ್ಯೂಟರಿನ ಮುಂದೆ ಕೂರುವವಳು ದೊಡ್ಡಮ್ಮ. ಯಾರಿಗೂ ಸ್ವಂತ ದೊಡ್ಡಮ್ಮ ಅಲ್ಲ, ಎಲ್ಲರಿಗೂ ದೊಡ್ಡಮ್ಮ. ಭಾವನ ಅಪ್ಪನ ಕಾಲದಿಂದ ಅದೇ ಕುರ್ಚಿ. ಭಾವನಿಗೂ ಒಂದು ರೂಢಿ ಇತ್ತು, ಅಪ್ಪನಿಂದ ಬಂದದ್ದು: ಯಾವ ಕೋಣೆ ತೆರೆದರೂ ಮೊದಲ ಸೇಬನ್ನು ಯಜಮಾನನೇ ಒಳಗೆ ಹೋಗಿ, ಒಬ್ಬನೇ ನಿಂತು, ಕಚ್ಚಿ ನೋಡಬೇಕು. ಅಲ್ಲಿಯವರೆಗೆ ಕೂಲಿಯಾಳುಗಳು ಆ ಕಡೆ ತಲೆಯೂ ಹಾಕುವ ಹಾಗಿಲ್ಲ. ಬಾಗಿಲ ಪಕ್ಕ ಗಾಳಿ ಅಳೆಯುವ ಒಂದು ಕೈಮೀಟರು ಮೊಳೆಗೆ ನೇತುಬಿದ್ದಿರುತ್ತದೆ. ಭಾವ ಅದನ್ನು ಮುಟ್ಟುತ್ತಿರಲಿಲ್ಲ. ಗೋಡೆಯ ಫೋನೆತ್ತಿ ಕೂಗುತ್ತಿದ್ದ, "ದೊಡ್ಡಮ್ಮಾ, ಹಸಿರಾಯ್ತಾ?" ಬೆಳಿಗ್ಗೆ ಫ್ಯಾನು ಹಾಕಿದ ಗಳಿಗೆಯಿಂದ ಕೇಳಲು ಶುರು. ಹೂಂ ಅಂದ ತಕ್ಷಣ ನುಗ್ಗುವ ಜಾತಿ.

ಹಾಗಾದರೆ ಅವನು ಮಾಡಬೇಕಾದದ್ದು ಇಷ್ಟೇ. ದೀಪ ಸಂಜೆ ಹಸಿರಾಗುವ ಬದಲು ಮಧ್ಯಾಹ್ನ ಹಸಿರಾಗಬೇಕು.

ಗಾಳಿ ಅಳೆಯುವ ಯಂತ್ರ ಬೇರೆ ಕಂಪನಿಯದು. ಅದರ ಲೆಕ್ಕ ತಿದ್ದಿದರೆ ಗುರುತು ಉಳಿಯುತ್ತದೆ, ಆಮೇಲೆ ಬಂದವರು ಹುಡುಕುತ್ತಾರೆ. ಅದನ್ನು ಅವನು ಮುಟ್ಟುವುದೇ ಇಲ್ಲ. ನಿಜವಾದ ವಿಂಡೋ ನಿಜವನ್ನೇ ತೋರಿಸುತ್ತಿರಲಿ. ಅದರ ಮೇಲೆ, ಕರಾರುವಾಕ್ಕಾಗಿ ಅದೇ ಜಾಗದಲ್ಲಿ, ಅದೇ ಅಳತೆಯ ಒಂದು ಚಿತ್ರ ಬಂದು ಕೂರಬೇಕು. ಬರೀ ಚಿತ್ರ. ಹಸಿರು ದೀಪದ ಚಿತ್ರ. ಮುಂದೆ ತೆರೆಯಬೇಕಾಗಿದ್ದ ಮೂಲೆಕೋಣೆಯ ಫ್ಯಾನು ಶುರುವಾದ ದಿನ ಮಧ್ಯಾಹ್ನ ಮೂಡಿ, ಸಂಜೆ ಅಳಿಸಿಹೋಗಿ, ತನ್ನನ್ನು ತಂದ ಫೈಲನ್ನೂ ಅಳಿಸಿಕೊಂಡು ಹೋಗಬೇಕು. ಅಷ್ಟು ಹೊತ್ತಿಗೆ ಒಳಗಿನ ಗಾಳಿಯೂ ನಿಜವಾಗಿ ಸರಿಯಾಗಿರುತ್ತದೆ. ಬಂದವರು ನೋಡುತ್ತಾರೆ: ಯಂತ್ರ ಸರಿ, ವಿಂಡೋ ಸರಿ, ದೀಪ ಹಸಿರು. ಸರಿಯಿಲ್ಲದ್ದು ಒಂದೇ, ದೊಡ್ಡಮ್ಮನ ಕಣ್ಣು.

ಹೌದು, ಅದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಅವಳಿಗೆ ಕಣ್ಣು ಮಂಜಾಗುತ್ತಿತ್ತು. ಹೊಸ ಸಾಫ್ಟ್‌ವೇರ್ ಬರುವ ತನಕ ಹಳೆಯದನ್ನು ನೋಡಿಕೊಳ್ಳುವ ಜವಾಬ್ದಾರಿ ಅವನದೇ ಆಗಿದ್ದರಿಂದ ಅವಳು ಆಗಾಗ ಫೋನು ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಮನೆಗೆ ಬರುತ್ತಿದ್ದ ಫೋನು ಅದೊಂದೇ.

"ಏನಪ್ಪಾ, ಊಟ ಆಯ್ತಾ?" ಎಂದೇ ಅವಳ ಶುರು. "ಅಕ್ಷರ ಎಲ್ಲಾ ಕಲಸಿದ ಹಾಗೆ ಕಾಣುತ್ತೆ ಕಣೋ. ಬೂದಿ ಮೇಲೆ ಬೂದಿ ಚೆಲ್ಲಿದ ಹಾಗೆ. ಒಂದ್ಸಲ ಬಂದು ನೋಡಬಾರದಾ?"

"ಕನ್ನಡಕ ಬದಲಾಯಿಸಿ ದೊಡ್ಡಮ್ಮ."

"ಬದಲಾಯಿಸಿದೆ. ಈಗ ಡಾಕ್ಟರ ಮುಖ ಚೆನ್ನಾಗಿ ಕಾಣುತ್ತೆ, ಸ್ಕ್ರೀನು ಕಾಣಲ್ಲ. ಏನು ಮಾಡ್ಲಿ, ಡಾಕ್ಟರನ್ನೇ ಮುಂದೆ ಕೂರಿಸಿಕೊಳ್ಳಲಾ?"

ಅವನು ನಗಲಿಲ್ಲ. ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡ: ಎಲ್ಲರಿಗೂ ಗೊತ್ತಿರುವ ಮಂಜುಗಣ್ಣು. ಪಾಪ, ಮುದುಕಿ, ಕೆಂಪನ್ನು ಹಸಿರು ಅಂದುಕೊಂಡಳು ಅನ್ನುತ್ತಾರೆ. ವಯಸ್ಸಾದವಳನ್ನು ಯಾರೂ ಏನೂ ಮಾಡುವುದಿಲ್ಲ. ಈ ಸಮಾಧಾನವನ್ನು ಅವನು ತನಗೆ ತಾನೇ ಹಲವು ಸಲ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ನಿಜವೆನ್ನಿಸಿತು.

ಇನ್ನು ಉಳಿದದ್ದು ನಂಬಿಕೆ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಹಿಂದೆ ಒಮ್ಮೆ ಅವನು ಒಂದು ಆಟ ಆಡಿದ್ದ. ಬೇರೊಂದು ಕಚೇರಿಯ ಕಂಪ್ಯೂಟರುಗಳಲ್ಲಿ ಒಂದೇ ಸಂದೇಶವನ್ನು ಎರಡು ವೇಷದಲ್ಲಿ ತೋರಿಸಿದ: "ದಯವಿಟ್ಟು ಐದು ನಿಮಿಷ ಏನನ್ನೂ ಮುಟ್ಟಬೇಡಿ." ಅರ್ಧ ಜನಕ್ಕೆ ಮಿರಮಿರ ಮಿಂಚುವ ನೀಲಿ ವಿಂಡೋದಲ್ಲಿ, ಇನ್ನರ್ಧಕ್ಕೆ ಬೂದು ವಿಂಡೋದಲ್ಲಿ. ನೀಲಿ ನೋಡಿದವರು ಜಾಹೀರಾತಿರಬೇಕು ಎಂದು ಮುಚ್ಚಿ ಕೆಲಸ ಮುಂದುವರಿಸಿದರು. ಬೂದು ನೋಡಿದವರು ಕೈಕಟ್ಟಿ ಕೂತರು. ಒಬ್ಬ ಗುಮಾಸ್ತನಂತೂ ಕೆಮ್ಮು ಬಂದರೂ ಎದ್ದು ಹೊರಗೆ ಹೋಗಿ ಕೆಮ್ಮಿ ಬಂದ. ಚಂದದ್ದನ್ನು ಜನ ಮೆಚ್ಚುತ್ತಾರೆ, ನಂಬುವುದಿಲ್ಲ. ನಂಬುವುದು ಬೂದು ಬಣ್ಣವನ್ನು. ಅದಕ್ಕೆ ಯಾರನ್ನೂ ಮೆಚ್ಚಿಸುವ ಹಂಗಿಲ್ಲ, ಆದ್ದರಿಂದ ಅದು ಸುಳ್ಳು ಹೇಳಲಾರದು ಎಂದು ಅವರಿಗೆ ಅನ್ನಿಸುತ್ತದೆ. ಓದುವುದು ಆಮೇಲೆ. ಮೊದಲು ಮುಖ ನೋಡುತ್ತಾರೆ, ಅಷ್ಟಕ್ಕೇ ಒಪ್ಪಿಬಿಡುತ್ತಾರೆ. ಕೊಳೆತ ಸೇಬಿನ ಮುಖ ಅಂದನಲ್ಲ ಭಾವ, ಆ ಮುಖದ ಮಾತು ನಂಬಿಯೇ ಅವನು ಒಳಗೆ ಹೋಗುತ್ತಾನೆ. ಇದನ್ನು ನೆನೆದಾಗ ಮಾತ್ರ ಕಿಟಕಿರಾಯ ಒಬ್ಬನೇ ನಕ್ಕ. ಖಾಲಿ ಮನೆಯಲ್ಲಿ ತನ್ನ ನಗು ಕೇಳಿ ತಾನೇ ಬೆಚ್ಚಿ ಸುಮ್ಮನಾದ.

ಚಿತ್ರವನ್ನು ಅವನು ಪ್ರೀತಿಯಿಂದ ಬರೆದ. ಒಂದೊಂದೇ ಚುಕ್ಕೆ ಇಟ್ಟು, ಹಳೆಯ ಕಾಲದಲ್ಲಿ ಬರೆಯುತ್ತಿದ್ದ ಹಾಗೆ. ಶೀರ್ಷಿಕೆಯ ಪಟ್ಟಿ, ಅಂಚಿನ ತಗ್ಗು, ಬಟನ್ನಿನ ಉಬ್ಬು, ಹಸಿರು ದೀಪದ ನೆತ್ತಿಯ ಮೇಲೆ ಸಾಸಿವೆಯಷ್ಟು ಬಿಳಿ ಹೊಳಪು. ಎಡಗಡೆಯಿಂದ ಬೆಳಕು. ತನ್ನ ಕಂಪ್ಯೂಟರಿನಲ್ಲಿ ಅಸಲಿಯ ಮೇಲೆ ಇಟ್ಟು ನೋಡಿದ, ತೆಗೆದು ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ. ಯಾವುದು ಅಸಲಿ ಯಾವುದು ಚಿತ್ರ ಎಂದು ಅವನಿಗೇ ಗೊಂದಲವಾಯಿತು. ಎಷ್ಟೋ ದಿನದ ಮೇಲೆ ಒಂದು ಕೆಲಸ ಚೆನ್ನಾಗಿ ಆಯಿತು ಅನ್ನಿಸಿ, ಯಾರಿಗಾದರೂ ತೋರಿಸಬೇಕೆನ್ನಿಸಿತು. ಅಭ್ಯಾಸಬಲದಿಂದ ಎಡಕ್ಕೆ ತಿರುಗಿದ. ಅಲ್ಲಿ ಕುರ್ಚಿ ಇರಲಿಲ್ಲ. ಅವಳು ಹೋದ ಮೇಲೆ ಅದನ್ನು ಅಡುಗೆಮನೆಗೆ ಹಾಕಿದ್ದ. ಎದ್ದುಹೋಗಿ, ಧೂಳು ಒರೆಸಿ, ತಂದು ಮೇಜಿನ ಎಡಕ್ಕೆ ಇಟ್ಟ. ಅಣ್ಣ ಇಲ್ಲವಾದ ಮೇಲೆ ಅವಳು ಅಳುತ್ತ ಬರುತ್ತಾಳೆ. ಬಂದವಳು ಕೂರಲು ಒಂದು ಜಾಗ ಬೇಕಲ್ಲ.

ಚಿತ್ರ ಹೋಗಿ ಸೇರುವುದು ಕಷ್ಟವಾಗಲಿಲ್ಲ. ಹಳೆಯ ಸಾಫ್ಟ್‌ವೇರಿನ ಸಣ್ಣಪುಟ್ಟ ತಿದ್ದುಪಡಿಗಳನ್ನು ಅವನು ಮನೆಯಿಂದಲೇ ಕಳಿಸುತ್ತಿದ್ದ. ಅವು ದೊಡ್ಡಮ್ಮನ ಕಂಪ್ಯೂಟರಿಗೆ ತಾವಾಗಿ ಹೋಗಿ ಕೂರುತ್ತಿದ್ದವು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಕಳಿಸಿದ ಮೇಲೆ ಅವನೇ ಫೋನು ಮಾಡಿದ, ಏನಾದರೂ ಏರುಪೇರಾಯಿತೇ ಎಂದು ತಿಳಿಯಲು.

"ಊಟ ಆಯ್ತೇನಪ್ಪಾ? ಅಪರೂಪಕ್ಕೆ ನೀನೇ ಮಾಡಿದೀಯ!" ದೊಡ್ಡಮ್ಮನಿಗೆ ಸಂತೋಷ. "ಎಲ್ಲಾ ಚೆನ್ನಾಗಿದೆ. ನಿನ್ನ ಹೆಂಡತಿ ಮೊನ್ನೆ ನನ್ನ ಪಕ್ಕ ಕೂತು ಕುರ್ಚಿ, ದೀಪ, ಸ್ಕ್ರೀನು, ಎಲ್ಲಾ ನನಗೆ ಹೊಂದೋ ಹಾಗೆ ಮಾಡಿಕೊಟ್ಲು. ಈಗ ಹಾಯಾಗಿದೆ. ಏನು ಮಾಡಿದ್ಲು ಗೊತ್ತಾ..."

"ಅವಳು ಆಫೀಸಿಗೆ ಬರ್ತಾಳಾ?"

"ಒಂದೊಂದು ದಿನ ಬರ್ತಾಳೆ. ಮನೇಲಿ ಕೂತು ಏನು ಮಾಡ್ತಾಳೆ ಪಾಪ."

"ನನ್ನ ವಿಷಯ ಏನಾದ್ರೂ ಕೇಳಿದ್ಲಾ?"

"ಫೋನು ಮಾಡಿದಾಗೆಲ್ಲ ಊಟ ಆಯ್ತಾ ಅಂತ ಕೇಳಿ ಅಂತ ಹೇಳಿಕೊಟ್ಟವಳು ಯಾರು ಅಂದ್ಕೊಂಡಿದೀಯ?" ಎಂದಳು.

ಫೋನಿಟ್ಟ ಮೇಲೆ ಅವನು ಬಹಳ ಹೊತ್ತು ಆ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತ. ಆ ಗಳಿಗೆಯಲ್ಲಿ ಎಲ್ಲವನ್ನೂ ಕೈಬಿಡಬಹುದಿತ್ತು. ಒಂದು ತಿದ್ದುಪಡಿ ಕಳಿಸಿದರೆ ಚಿತ್ರ ಅಳಿಸಿಹೋಗುತ್ತಿತ್ತು. ಆದರೆ ಅವನಿಗೆ ಅನ್ನಿಸಿದ್ದು ತಿರುವುಮುರುವಾಗಿ: ನೋಡು, ಅವಳಿಗೆ ಇನ್ನೂ ಮನಸ್ಸಿದೆ. ನಡುವೆ ಇರುವುದು ಅಣ್ಣನೊಬ್ಬನೇ.

ಮೂಲೆಕೋಣೆ ತೆರೆಯುವ ದಿನ ಬಂತು. ಅವನು ಬೆಳಿಗ್ಗೆ ಮುಖಕ್ಷೌರ ಮಾಡಿಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಎರಡು ತಟ್ಟೆ ತೊಳೆದಿಟ್ಟ. ಮೇಜಿನ ಮುಂದೆ ಕೂತು ಕೆಲಸ ಮಾಡುವವನ ಹಾಗೆ ಮೌಸ್ ಅಲ್ಲಾಡಿಸುತ್ತಿದ್ದ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಈಗ ಚಿತ್ರ ಮೂಡಿರುತ್ತದೆ. ಈಗ ಭಾವ ಗೋಡೆಯ ಫೋನೆತ್ತಿರುತ್ತಾನೆ. ಈಗ ದೊಡ್ಡಮ್ಮ ಹೂಂ ಅಂದಿರುತ್ತಾಳೆ. ಎಡಗಡೆಯ ಬೆಳಕು ಖಾಲಿ ಕುರ್ಚಿಯ ಬೆನ್ನಿನ ಮೇಲಿಂದ ಜಾರಿ ನೆಲಕ್ಕೆ ಬಂತು.

ಫೋನು ಹೊಡೆದುಕೊಂಡಿತು. ಅಳು ಕೇಳಲು ಸಿದ್ಧನಾಗಿ, ಧ್ವನಿ ಸರಿಮಾಡಿಕೊಂಡು ಎತ್ತಿದ.

"ನಾನು ಕಣಪ್ಪಾ." ದೊಡ್ಡಮ್ಮ. ಊಟ ಆಯ್ತಾ ಎಂದು ಅವಳು ಕೇಳಲಿಲ್ಲ. ಅದು ಅವನಿಗೆ ವಿಚಿತ್ರವೆನ್ನಿಸಿತು, ಆದರೆ ಯಾಕೆಂದು ಯೋಚಿಸುವಷ್ಟು ಪುರಸೊತ್ತು ಇರಲಿಲ್ಲ. "ನಿನ್ನನ್ನೇ ಒಂದು ಮಾತು ಕೇಳಬೇಕು. ಬಾಗಿಲ ಹತ್ರ ನಿನ್ನ ಭಾವ ಹಸಿರಾಯ್ತಾ ಹಸಿರಾಯ್ತಾ ಅಂತ ಒಂದೇ ಸಮ ಕೂಗಿದ್ರು. ಇಲ್ಲಿ ಒಂದರ ಮೇಲೊಂದು ಎರಡು ಕಾಣ್ತಿದೆ. ಬೂದು ಬಣ್ಣದ್ದು ಹಸಿರು ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ. ಬರೆದವನು ನೀನು. ಯಾವುದನ್ನ ನಂಬಲಿ ಹೇಳು."

ಇನ್ನೊಂದೇ? ಅದು ಹೇಗೆ ಕಾಣಲು ಸಾಧ್ಯ? ಮಂಜುಗಣ್ಣು, ಒಂದು ಎರಡಾಗಿ ಕಾಣುತ್ತಿರಬೇಕು. ಭಾವ ಇನ್ನೂ ಹೊರಗಿದ್ದಾನೆ; ಒಂದು ಮಾತಿನ ದೂರದಲ್ಲಿದ್ದಾನೆ. ಅವನು ಆದಷ್ಟು ಸಾವಧಾನವಾಗಿ, ಎಷ್ಟೋ ವರ್ಷ ಎಷ್ಟೋ ಜನಕ್ಕೆ ಫೋನಿನಲ್ಲಿ ಹೇಳಿದ ಅದೇ ಧ್ವನಿಯಲ್ಲಿ ಹೇಳಿದ: "ಬೂದು ಬಣ್ಣದ್ದನ್ನೇ ನಂಬಿ ದೊಡ್ಡಮ್ಮ. ಇನ್ನೊಂದು ಹಳೇದು, ಅಳಿಸದೆ ಉಳ್ಕೊಂಡಿರಬೇಕು. ಭಾವ ಒಳಗೆ ಹೋಗಲಿ, ಏನೂ ತೊಂದರೆಯಿಲ್ಲ."

ಆ ಕಡೆ ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು. ಆ ಉಸಿರಾಟ ಯಾರದೆಂದು ಅವನಿಗೆ ಮಾತಿಗೆ ಮುಂಚೆಯೇ ಗೊತ್ತಾಯಿತು.

"ಅಣ್ಣ ಇಲ್ಲೇ ನನ್ನ ಹಿಂದೆ ನಿಂತಿದಾರೆ," ಎಂದಳು ಅವನ ಹೆಂಡತಿ. "ನಾನು ಹೇಳಿದ್ದಕ್ಕೆ ಕೈಮೀಟರು ಬಾಗಿಲ ಸಂದಿಗೆ ಹಿಡಿದು ನೋಡಿ ಬಂದ್ರು. ನೀವು ಏನು ಹೇಳ್ತೀರೋ ಕೇಳೋಣ ಅಂತ ನಾನೇ ದೊಡ್ಡಮ್ಮನ ಹತ್ರ ಮಾಡಿಸಿದೆ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. "ದೊಡ್ಡಮ್ಮನಿಗೆ ಬೂದು ಕಾಣಲ್ಲ ಅಂತ ನಿಮಗೆ ಎಷ್ಟು ಸಲ ಹೇಳಿದ್ರು. ನೀವು ಬರಲಿಲ್ಲ. ಅದಕ್ಕೆ ನಾನೇ ಮೊನ್ನೆ ಕಂಪ್ಯೂಟರಿನ ಬಣ್ಣ ಪೂರಾ ಬದಲಾಯಿಸಿದೆ. ಎಲ್ಲಾ ಕಪ್ಪು, ಅದರ ಮೇಲೆ ಹಳದಿ ಅಕ್ಷರ, ಇಷ್ಟಿಷ್ಟು ದಪ್ಪ. ನಿಮ್ಮ ವಿಂಡೋಗಳೂ ಪಾಪ ಹೇಳಿದ ಹಾಗೆ ಕೇಳಿ ಕಪ್ಪಾದವು, ದೊಡ್ಡದಾದವು." ಅವನು ಕಣ್ಣು ಮುಚ್ಚಿಕೊಂಡ. ಬಣ್ಣ ಬದಲಾದರೆ ತಾವೂ ಬದಲಾಗುವ ಹಾಗೆ ಅವುಗಳನ್ನು ಬರೆದವನು ಅವನೇ. ಚಿತ್ರ ಹಾಗಲ್ಲ, ಅದಕ್ಕೆ ಬದಲಾಗುವುದು ಗೊತ್ತಿಲ್ಲ. ಕಪ್ಪು ಪರದೆಯ ನಟ್ಟನಡುವೆ, ದೊಡ್ಡ ಮನುಷ್ಯನಿಗೆ ಮಗುವಿನ ಅಂಗಿ ತೊಡಿಸಿದ ಹಾಗೆ, ಅಸಲಿ ವಿಂಡೋದ ಮೇಲೆ ಅವನ ಪುಟ್ಟ ಬೂದು ಚಿತ್ರ ಒಂಟಿಯಾಗಿ ಕೂತಿರುವುದು, ಅದರ ನಾಲ್ಕೂ ಕಡೆಯಿಂದ ಹಳದಿ ಅಕ್ಷರಗಳು ಹೊರಗೆ ಚಾಚಿ "ಯೋಗ್ಯವಲ್ಲ" ಎಂದು ಕೂಗುತ್ತಿರುವುದು ಅವನಿಗೆ ಇದ್ದಲ್ಲಿಂದಲೇ ಕಂಡಿತು. "ದೊಡ್ಡಮ್ಮನಿಗೆ ಅದು ಯಾರು ಬರೆದಿದ್ದು ಅಂತ ಗೊತ್ತಾಗಲಿಲ್ಲ," ಎಂದು ಅವಳು ಹೇಳುತ್ತಿದ್ದಳು, ಮೆಲ್ಲಗೆ, ಪಕ್ಕದ ಕುರ್ಚಿಯಲ್ಲಿ ಕೂತವಳ ಹಾಗೆ. "ನನಗೆ ಗೊತ್ತಾಯ್ತು. ಬೆಳಕು ಎಡಗಡೆಯಿಂದ ಬಿದ್ದಿತ್ತು."